ಹೊರಗಿನ ಆಟಗಾರ, ಊರಿನ ಅಂಗಳ



ಸಾಹಿತ್ಯ, ಜಾನಪದ, ವಚನಗಳ ಮೇಲೆ ದತ್ತಿ ಉಪನ್ಯಾಸಗಳು ನಮ್ಮಲ್ಲಿ ಬೇಕಾದಷ್ಟು ನಡೆಯುತ್ತವೆ. ಆಟದ ಬಗ್ಗೆ ಮಾತಾಡಲೆಂದು ದತ್ತಿ ಇಡುವವರು ಕಡಿಮೆ. ಆ ಕಡಿಮೆ ಜನರ ಸಾಲಿಗೆ ಸೇರಿದ, ಈ ದತ್ತಿ ಇಟ್ಟ ಮನೆತನಕ್ಕೆ ಮೊದಲು ಕೈಮುಗಿದು ವಿಷಯಕ್ಕೆ ಬರುತ್ತೇನೆ.

ಜಾತ್ರೆ, ಗಣೇಶ ಹಬ್ಬಗಳ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದಾಗ ಒಂದು ಜಗಳ ಖಾಯಂ. 'ಆ ಊರಿನವರು ರೊಕ್ಕ ಕೊಟ್ಟು ಹೊರಗಿನ ಪ್ಲೇಯರ್ ತಂದಾರ್ರೀ, ಇದೆಂಥಾ ಆಟ?' ಸೋತ ಊರು ಹೀಗೆ ಕೂಗುತ್ತದೆ. ಮುಂದಿನ ವರ್ಷ ಅದೇ ಊರು ಇನ್ನೂ ಹೆಚ್ಚು ರೊಕ್ಕ ಕೊಟ್ಟು ಇನ್ನೊಬ್ಬನನ್ನು ತರುತ್ತದೆ. ಹೊರಗಿನವನು ಬಂದರೆ ಆಟ ಬೆಳೆಯುತ್ತದೆಯೋ ಕೆಡುತ್ತದೆಯೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಈ ಪ್ರಶ್ನೆಯ ಮೇಲೆ ಒಂದು ಇಡೀ ದೇಶ ಸುಮಾರು ನೂರು ವರ್ಷಗಳಿಂದ ಜಗಳವಾಡುತ್ತಿದೆ. ಅದು ಇಟಲಿ, ಆಟ ಫುಟ್ಬಾಲ್. ಅವರ ಅನುಭವ ನೋಡಿಕೊಂಡು ನಮ್ಮ ಅಂಗಳಕ್ಕೆ ಬರೋಣ.

ಇಟಲಿ 1926ರಲ್ಲೇ ವಿದೇಶಿ ಆಟಗಾರರಿಗೆ ಬಾಗಿಲು ಹಾಕಿತು. ಆದರೆ ಹಿಂದಿನ ಕಿಟಕಿ ತೆರೆದೇ ಇತ್ತು. ಅಜ್ಜನೋ ಮುತ್ತಜ್ಜನೋ ಇಟಲಿಯಿಂದ ಅರ್ಜೆಂಟೀನಾಕ್ಕೆ ವಲಸೆ ಹೋಗಿದ್ದರೆ ಮೊಮ್ಮಗನನ್ನು 'ನಮ್ಮವ' ಎಂದು ಕರೆತರಬಹುದಿತ್ತು. ಲೂಯಿಸ್ ಮೊಂಟಿ 1930ರ ವಿಶ್ವಕಪ್ ಫೈನಲ್ ಆಡಿದ್ದು ಅರ್ಜೆಂಟೀನಾ ಪರವಾಗಿ; 1934ರಲ್ಲಿ ವಿಶ್ವಕಪ್ ಗೆದ್ದದ್ದು ಇಟಲಿ ಪರವಾಗಿ. ಸ್ವದೇಶಿ ಎಂದು ಎದೆತಟ್ಟಿಕೊಳ್ಳುತ್ತಿದ್ದ ಮುಸೊಲಿನಿಯ ಕಾಲದ ಮಾತಿದು. ಬಾಗಿಲು ಹಾಕಿದವರೇ ಕಿಟಕಿಯಿಂದ ಕರೆದುಕೊಳ್ಳುವ ಈ ಪದ್ಧತಿ ಇವತ್ತಿಗೂ ನಿಂತಿಲ್ಲ. 2024-25ರಲ್ಲಿ ಇಟಲಿಯ ಸೀರೀ ಎ ಲೀಗ್‌ನಲ್ಲಿ 25 ಗೋಲು ಹೊಡೆದು ಮೊದಲ ಸ್ಥಾನ ಪಡೆದ 'ಇಟಾಲಿಯನ್' ಮಟೆಯೊ ರೆಟೆಗಿ ಹುಟ್ಟಿ ಬೆಳೆದದ್ದು ಅರ್ಜೆಂಟೀನಾದಲ್ಲಿ.

ಮುಂದೆ 1966. ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾ 1-0ರಿಂದ ಇಟಲಿಯನ್ನು ಮನೆಗೆ ಕಳಿಸಿತು. ದೇಶಕ್ಕೆ ದೇಶವೇ ತಲೆತಗ್ಗಿಸಿತು. ಅಪರಾಧಿ ಬೇಕಿತ್ತು, ವಿದೇಶಿ ಆಟಗಾರ ಸಿಕ್ಕ. ಆಗಲೇ ಆಡುತ್ತಿದ್ದವರನ್ನು ಬಿಟ್ಟು ಹೊರಗಿನ ಯಾರನ್ನೂ ಹೊಸದಾಗಿ ತರಬಾರದೆಂದು ನಿಯಮವಾಯಿತು. ಅದು ನಡೆದದ್ದು 1980ರವರೆಗೆ. ಫಲ ಏನಾಯಿತು? 1968ರಲ್ಲಿ ಯುರೋಪಿನ ಕಪ್ ಬಂತು, 1970ರಲ್ಲಿ ವಿಶ್ವಕಪ್ ಫೈನಲ್ ಸಿಕ್ಕಿತು. 1974ರಲ್ಲಿ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅಂದರೆ ನಿಷೇಧದಿಂದ ಒಳಿತಾಯಿತೆಂದು ವಾದಿಸುವವರಿಗೂ ಸಾಕ್ಷಿ ಸಿಗುತ್ತದೆ, ಕೆಡುಕಾಯಿತೆಂದು ವಾದಿಸುವವರಿಗೂ ಸಿಗುತ್ತದೆ.

1980ರಲ್ಲಿ ತಂಡಕ್ಕೊಬ್ಬ ವಿದೇಶಿ ಎಂದು ಬಾಗಿಲು ತೆರೆದರು, ಆಮೇಲೆ ಇಬ್ಬರು, ಮೂವರು. ಮರಡೋನಾ, ಪ್ಲಾಟಿನಿ, ಜೀಕೊ, ಗುಲ್ಲಿಟ್, ವ್ಯಾನ್ ಬಾಸ್ಟನ್ ಎಲ್ಲರೂ ಅಲ್ಲಿಗೆ ಬಂದರು. ಇಟಲಿಯ ಆಟ ಸೊರಗಲಿಲ್ಲ. 1982ರಲ್ಲಿ ವಿಶ್ವಕಪ್ ಗೆದ್ದಿತು, 1990ರಲ್ಲಿ ಮೂರನೇ ಸ್ಥಾನ ಪಡೆಯಿತು, 1994ರಲ್ಲಿ ಫೈನಲ್ ಆಡಿತು. ಪಾವೊಲೊ ಮಾಲ್ದೀನಿ ಎಂಬ ಹುಡುಗ ವಾರವಾರವೂ ಮರಡೋನಾನಂಥವರನ್ನು ಎದುರಿಸಿಯೇ ಜಗತ್ತಿನ ಶ್ರೇಷ್ಠ ರಕ್ಷಣಾ ಆಟಗಾರನಾದ. ಹೊರಗಿನವನು ಆಗ ಅಂಗಳದಲ್ಲೇ ಸಿಗುವ ಮೇಷ್ಟ್ರಾಗಿದ್ದ.

1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಬಾಸ್ಮನ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಯುರೋಪಿಯನ್ ಒಕ್ಕೂಟದ ದೇಶಗಳ ಆಟಗಾರರ ಮೇಲೆ ಸಂಖ್ಯೆಯ ಮಿತಿ ಹಾಕುವಂತಿಲ್ಲ ಎಂದಾಯಿತು. ಮೂವರಿದ್ದ ಕಡೆ ಹತ್ತು ಮಂದಿ ಬಂದರು. 2010ರ ಮೇ ತಿಂಗಳಲ್ಲಿ ಮಿಲಾನ್ ನಗರದ ಇಂಟರ್ ತಂಡ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಾಗ ಫೈನಲ್ ಪಂದ್ಯ ಆರಂಭಿಸಿದ ಹನ್ನೊಂದು ಮಂದಿಯಲ್ಲಿ ಒಬ್ಬ ಇಟಾಲಿಯನ್ನನೂ ಇರಲಿಲ್ಲ. ಮರುತಿಂಗಳೇ ವಿಶ್ವಕಪ್‌ನಲ್ಲಿ ಇಟಲಿ ಒಂದು ಪಂದ್ಯವನ್ನೂ ಗೆಲ್ಲದೆ ಗುಂಪಿನ ಕೊನೆಯ ಸ್ಥಾನದಲ್ಲಿ ನಿಂತು ಮನೆಗೆ ಬಂತು. 2018ರ ವಿಶ್ವಕಪ್‌ಗೂ 2022ರ ವಿಶ್ವಕಪ್‌ಗೂ ಅರ್ಹತೆಯೇ ಸಿಗಲಿಲ್ಲ. ಇದರ ಮೇಲೆ ಹೊರಗಿನಿಂದ ಬಂದು ನೆಲೆಸುವ ಉದ್ಯೋಗಿಗಳಿಗೆ ತೆರಿಗೆ ರಿಯಾಯಿತಿ ಕೊಡುವ 2019ರ ಕಾನೂನು ಬೇರೆ. ಊರ ಹುಡುಗನಿಗಿಂತ ವಿದೇಶಿಯವನೇ ಕ್ಲಬ್ಬಿಗೆ ಅಗ್ಗ ಬೀಳುವಂತಾಯಿತು. ಆ ಸವಲತ್ತನ್ನು 2024ರಲ್ಲಿ ತೆಗೆದರು.

ಇಷ್ಟು ಕೇಳಿದರೆ 'ನೋಡ್ರೀ, ಹೊರಗಿನವರೇ ಹಾಳುಮಾಡಿದ್ರು' ಅನ್ನಿಸುತ್ತದೆ. ಇನ್ನೊಂದು ಪಟ್ಟಿಯನ್ನೂ ನೋಡಿ. 2021ರಲ್ಲಿ ಇಟಲಿ ಯುರೋ ಕಪ್ ಗೆದ್ದಿತು. 2023ರಲ್ಲಿ 19 ವರ್ಷದೊಳಗಿನವರ ಯುರೋಪ್ ಚಾಂಪಿಯನ್ ಇಟಲಿಯೇ, 2024ರಲ್ಲಿ 17 ವರ್ಷದೊಳಗಿನವರ ಚಾಂಪಿಯನ್ನೂ ಇಟಲಿಯೇ. ಹುಡುಗರಿಗೇನೂ ಬರವಿಲ್ಲ. ಹತ್ತೊಂಬತ್ತು ದಾಟಿದ ಮೇಲೆ ಆ ಹುಡುಗ ಎಲ್ಲಿ ಹೋಗುತ್ತಾನೆ ಎಂಬುದೇ ಅಲ್ಲಿನ ಸಮಸ್ಯೆ. ಸ್ಪೇನ್‌ನಲ್ಲಿ ದೊಡ್ಡ ಕ್ಲಬ್ಬುಗಳ ಎರಡನೇ ತಂಡಗಳು ಕೆಳಗಿನ ಲೀಗುಗಳಲ್ಲಿ ಎಷ್ಟೋ ಕಾಲದಿಂದ ಆಡುತ್ತಿವೆ. ಇಪ್ಪತ್ತರ ಹುಡುಗ ಅಲ್ಲಿ ದೊಡ್ಡವರ ಎದುರು ಪಳಗುತ್ತಾನೆ. ಇಟಲಿಯಲ್ಲಿ ಯುವೆಂಟಸ್ ಅಂಥ ತಂಡ ಕಟ್ಟಿದ್ದು 2018ರಲ್ಲಿ. ರೊಬೆರ್ಟೊ ಬಾಜಿಯೊ ಎಂಬ ಮಹಾನ್ ಆಟಗಾರ ಅಲ್ಲಿನ ಫುಟ್ಬಾಲ್ ಸಂಸ್ಥೆಯ ತಾಂತ್ರಿಕ ವಿಭಾಗದ ಮುಖ್ಯಸ್ಥನಾಗಿ ಹುಡುಗರನ್ನು ಬೆಳೆಸುವ ಬಗ್ಗೆ 900 ಪುಟಗಳ ವರದಿ ಕೊಟ್ಟ. ಅದನ್ನು ಯಾರೂ ಜಾರಿಗೆ ತರಲಿಲ್ಲವೆಂದು ಬೇಸತ್ತು 2013ರಲ್ಲಿ ಹುದ್ದೆ ಬಿಟ್ಟ. ಜರ್ಮನಿ 2000ದ ಯುರೋ ಕಪ್‌ನಲ್ಲಿ ಸೋತು ಸುಣ್ಣವಾದಾಗ ವಿದೇಶಿಯರನ್ನು ದೂರಲಿಲ್ಲ. ಪ್ರತಿ ದೊಡ್ಡ ಕ್ಲಬ್ಬೂ ಹುಡುಗರ ತರಬೇತಿ ಕೇಂದ್ರ ನಡೆಸಲೇಬೇಕೆಂದು ನಿಯಮ ಮಾಡಿತು. ಅದರ ಲೀಗಿನಲ್ಲೂ ವಿದೇಶಿಯರು ತುಂಬಿದ್ದರು, ಆದರೂ 2014ರಲ್ಲಿ ವಿಶ್ವಕಪ್ ಗೆದ್ದಿತು.

ನನ್ನ ಮಾತಿನ ತಿರುಳು ಇಲ್ಲಿದೆ. ಶಾಲೆಯ ತಂಡಕ್ಕೂ ದೊಡ್ಡವರ ತಂಡಕ್ಕೂ ನಡುವೆ ಒಂದು ಮೆಟ್ಟಿಲಿದೆ, ಹದಿನೇಳರಿಂದ ಇಪ್ಪತ್ತೊಂದರ ವಯಸ್ಸಿನ ಮೆಟ್ಟಿಲು. ಅದು ಗಟ್ಟಿಯಾಗಿದ್ದರೆ ಹೊರಗಿನವರು ಎಷ್ಟು ಬಂದರೂ ಲಾಭವೇ. ಅದು ಮುರಿದಿದ್ದರೆ ಹೊರಗಿನವನನ್ನು ತಡೆದೂ ಉಪಯೋಗವಿಲ್ಲ.

ನಮ್ಮ ರಾಜ್ಯದ ಫುಟ್ಬಾಲ್‌ಗೆ ಬರೋಣ. ಒಂದು ಕಾಲದಲ್ಲಿ ನಾವೇ 'ಹೊರಗಿನ ಆಟಗಾರ'ರನ್ನು ಕಳಿಸಿಕೊಡುವ ನಾಡಾಗಿದ್ದೆವು. ಮೈಸೂರು ರಾಜ್ಯ 1946, 1952, 1967, 1968ರಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಒಲಿಂಪಿಕ್ ಫುಟ್ಬಾಲ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಜನ 'ಪಂಚ ಪಾಂಡವರು' ಎಂದು ಕರೆದ ಐವರು ಮುಂಪಡೆಯವರಲ್ಲಿ ಒಬ್ಬರಾದರು. ಆ ಐವರೂ ಬಂಗಾಳಕ್ಕೆ ಹೊರಗಿನವರೇ, ದಕ್ಷಿಣದವರೇ. ಅವತ್ತು ಕೋಲ್ಕತ್ತ ಬಾಗಿಲು ಹಾಕಿದ್ದರೆ ನಷ್ಟವಾಗುತ್ತಿದ್ದದ್ದು ನಮ್ಮ ಹುಡುಗನಿಗೆ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಮೈದಾನದಲ್ಲಿ ಹನ್ನೊಂದರಲ್ಲಿ ಆರು ಮಂದಿ ವಿದೇಶಿಯರಿರಬಹುದಿತ್ತು. 2017-18ರಲ್ಲಿ ಅದು ಐದಾಯಿತು, 2021-22ರಲ್ಲಿ ನಾಲ್ಕಾಯಿತು. ಸಂಖ್ಯೆ ಇಳಿಯಿತು; ಆದರೆ ವಿದೇಶಿಯವನು ನಿಲ್ಲುವ ಜಾಗ ಬದಲಾಗಲಿಲ್ಲ. ದುಡ್ಡು ಕೊಟ್ಟು ತರುವ ಕ್ಲಬ್ಬು ಗೋಲು ಹೊಡೆಯುವವನನ್ನೇ ತರುತ್ತದೆ. ಹಾಗಾಗಿ ಲೀಗಿನ ಮೊದಲ ಹನ್ನೊಂದು ಋತುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದವರಲ್ಲಿ ಒಬ್ಬ ಭಾರತೀಯನೂ ಇಲ್ಲ. ಬೆಂಗಳೂರು ಎಫ್‌ಸಿ 2019ರ ಮಾರ್ಚಿನಲ್ಲಿ ಲೀಗ್ ಗೆದ್ದಾಗ ಫೈನಲ್‌ನ ಒಂದೇ ಗೋಲು ಹೊಡೆದವರು ರಾಹುಲ್ ಭೇಕೆ. ಅವರು ರಕ್ಷಣಾ ಆಟಗಾರ. ಅದೇ ಕ್ಲಬ್ಬಿನ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ 94 ಗೋಲುಗಳೊಂದಿಗೆ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಅವರ ಜಾಗ ತುಂಬುವವರು ಸಿಗಲಿಲ್ಲ. 2025ರ ಮಾರ್ಚಿನಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರನ್ನೇ ಮತ್ತೆ ಕರೆಸಿದರು. ನೂರನಲವತ್ತು ಕೋಟಿ ಜನರ ದೇಶ ನಲವತ್ತರ ಹೆಗಲಿಗೆ ಮತ್ತೆ ಭಾರ ಹೊರಿಸಿತು. ಇದರಲ್ಲಿ ವಿದೇಶಿ ಸ್ಟ್ರೈಕರನ ತಪ್ಪೇನೂ ಇಲ್ಲ, ಅವನು ಕೂಲಿಗೆ ತಕ್ಕ ಕೆಲಸ ಮಾಡಿದ. ಅವನ ಹಿಂದೆ ಬೆಂಚಿನ ಮೇಲೆ ಕೂತ ಇಪ್ಪತ್ತರ ಹುಡುಗನಿಗೆ ಆಡಲು ಇನ್ನೊಂದು ಮೈದಾನವನ್ನು ನಾವು ಕೊಡಲಿಲ್ಲ.

ಅಂಥ ಮೈದಾನವಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಸಂತೋಷ್ ಟ್ರೋಫಿಯಲ್ಲಿ ವಿದೇಶಿಯರಿಲ್ಲ, ದೊಡ್ಡ ಹೆಸರುಗಳಿಲ್ಲ, ಟಿವಿಯವರ ಭರಾಟೆಯೂ ಇಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಆ ಟ್ರೋಫಿ ತಂದಿತು.

ಫುಟ್ಬಾಲ್ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಗೆ ಸ್ವಲ್ಪ ದೂರದ ಆಟ. ಹತ್ತಿರದ್ದು ಕಬಡ್ಡಿ. ಇಲ್ಲಿ ಕಥೆ ತಿರುಗುಮುರುಗು: ಕಬಡ್ಡಿಯಲ್ಲಿ ಹಳೆಯ ದೊರೆ ನಾವೇ, ಕಲಿಯಲು ಬಂದವರು ಉಳಿದವರು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ 2014ರ ಇಂಚಿಯಾನ್‌ವರೆಗೆ ಪುರುಷರ ಏಳು ಚಿನ್ನವೂ ಭಾರತದ್ದೇ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಇರಾನ್, ಕೊರಿಯಾಗಳಿಂದ ಆಟಗಾರರು ಬಂದರು. ಇರಾನಿನ ಫಝಲ್ ಅತ್ರಾಚಲಿ ಎಡ ಕಾರ್ನರಿನಲ್ಲಿ ನಿಂತು ರೈಡರನ ಕಾಲು ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ. 2018ರ ಹರಾಜಿನಲ್ಲಿ ಅವರಿಗೆ ಒಂದು ಕೋಟಿ ರೂಪಾಯಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27-18ರಿಂದ ಮಣಿಸಿತು. ಮಹಿಳೆಯರ ಫೈನಲ್‌ನಲ್ಲೂ ಇರಾನ್ 27-24ರಿಂದ ನಮ್ಮನ್ನು ಸೋಲಿಸಿತು. ಆ ಇರಾನಿ ಹೆಣ್ಣುಮಕ್ಕಳಿಗೆ ಕಲಿಸಿದವರು ನಾಸಿಕದ ಶೈಲಜಾ ಜೈನ್.

ಆಗಲೂ ಕೂಗೆದ್ದಿತು: 'ನಮ್ಮ ಲೀಗಿನಲ್ಲಿ ಆಡಿಸಿ ನಾವೇ ಅವರಿಗೆ ಕಲಿಸಿಕೊಟ್ಟೆವು, ಇನ್ನು ಕರೆಯಬೇಡಿ.' ಲೀಗು ಬಾಗಿಲು ಹಾಕಲಿಲ್ಲ. ನಮ್ಮ ರೈಡರುಗಳು ಋತುವಿನುದ್ದಕ್ಕೂ ಇರಾನಿನ ಕಾರ್ನರುಗಳಿಗೆ ಎದುರಾದರು, ಅವರ ಹಿಡಿತದಿಂದ ಜಾರುವುದನ್ನು ಕಲಿತರು. 2023ರಲ್ಲಿ ಹಾಂಗ್‌ಝೌನಲ್ಲಿ ಪುರುಷರ ಚಿನ್ನ, ಮಹಿಳೆಯರ ಚಿನ್ನ ಎರಡೂ ಮರಳಿ ಬಂದವು; ಪುರುಷರ ಫೈನಲ್‌ನಲ್ಲಿ ಸೋತದ್ದು ಅದೇ ಇರಾನ್, 33-29ರಿಂದ. ಅದೇ ವರ್ಷದ ಹರಾಜಿನಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು. ಆ ತಂಡ ಮೊದಲ ಬಾರಿ ಲೀಗ್ ಗೆದ್ದಿತು, ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಹೊರಗಿನ ಆಟಗಾರ, ಕನ್ನಡದ ಗುರು, ಮರಾಠಿ ನೆಲದ ತಂಡ. ಆಟ ಬೆಳೆಯುವುದು ಹೀಗೆ ಕೂಡಿದಾಗಲೇ.

ಆದರೆ ಕನ್ನಡಿಗರಿಗೆ ಇನ್ನೊಂದು ನೋವಿದೆ, ಅದನ್ನು ಮುಚ್ಚಿಡಬಾರದು. ಬೆಂಗಳೂರು ಬುಲ್ಸ್ 2019ರ ಜನವರಿ 5ರಂದು ಕಪ್ ಎತ್ತಿದಾಗ ನಾಯಕ ರೋಹಿತ್ ಕುಮಾರ್; ಫೈನಲ್‌ನಲ್ಲಿ 22 ರೈಡ್ ಪಾಯಿಂಟ್ ತಂದವರು ಪವನ್ ಸೆಹ್ರಾವತ್. ಇಬ್ಬರೂ ಉತ್ತರದವರು. ನಮ್ಮ ಮಟ್ಟಿಗೆ ಹೊರಗಿನವನೆಂದರೆ ಇರಾನಿಗಿಂತ ಮೊದಲು ಹರಿಯಾಣದವನೇ. ಅವರನ್ನು ದೂರುವ ಮುನ್ನ ಕೇಳಿಕೊಳ್ಳಬೇಕು: ಹರಿಯಾಣದ ಹಳ್ಳಿಯಲ್ಲಿ ಹದಿನೆಂಟರ ಹುಡುಗನಿಗೆ ಇರುವುದೇನು, ನಮ್ಮಲ್ಲಿ ಇಲ್ಲದ್ದೇನು? ಅಲ್ಲಿ ಊರೂರಿಗೆ ಅಖಾಡ, ಅದಕ್ಕೊಬ್ಬ ಉಸ್ತಾದ್, ಮುಂದೆ ಪೊಲೀಸ್, ಸೇನೆ, ರೈಲ್ವೆ ತಂಡಗಳ ಕಡೆಗೆ ಕಾಣುವ ದಾರಿ. ನಮ್ಮ ಹುಡುಗ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳನ್ನು ಹತ್ತಿ ರಾಜ್ಯಮಟ್ಟದ ಪ್ರಮಾಣಪತ್ರ ತರುತ್ತಾನೆ. ಪಿಯುಸಿ ಮುಗಿಯುತ್ತಲೇ ಅದು ಟ್ರಂಕಿನೊಳಗೆ ಸೇರುತ್ತದೆ. ಮುಂದಿನ ಮೆಟ್ಟಿಲೇ ಇಲ್ಲ. ಹೆಣ್ಣುಮಕ್ಕಳ ಕಥೆ ಇನ್ನೂ ಬೇಗ ಮುಗಿಯುತ್ತದೆ. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಕಬಡ್ಡಿಯಲ್ಲಿ ಅರ್ಜುನ ಪ್ರಶಸ್ತಿ ತಂದುಕೊಟ್ಟ ರಾಜ್ಯ ನಮ್ಮದು. ಆದರೆ ನಮ್ಮ ಜಾತ್ರೆಯ ಪಂದ್ಯಾವಳಿಗಳಲ್ಲಿ ಮಹಿಳಾ ವಿಭಾಗ ಎಷ್ಟು ಕಡೆ ಇದೆ?

ಹೊರಗಿನವನನ್ನು ಹೇಗೆ ಬಳಸಿಕೊಳ್ಳಬೇಕೆಂದು ನಮಗೆ ಇಟಲಿಯೇ ಹೇಳಬೇಕಿಲ್ಲ, ನಮ್ಮ ಸೀಮೆಯ ಸಂಗೀತವೇ ಹೇಳುತ್ತದೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಕುರುಡು ಹುಡುಗನನ್ನು ಹಾನಗಲ್ಲ ಕುಮಾರಸ್ವಾಮಿಗಳು ಸಾಕಿದರು, ಸಂಗೀತ ಕಲಿಸಲು ವ್ಯವಸ್ಥೆ ಮಾಡಿದರು. ಆ ಹುಡುಗನೇ ಮೈಸೂರಿನ ಕಡೆ ಹೋಗಿ ಕರ್ನಾಟಕ ಸಂಗೀತ ಕಲಿತು, ಉಸ್ತಾದರ ಬಳಿ ಹಿಂದೂಸ್ತಾನಿ ಕಲಿತು, ಗದಗಿನಲ್ಲಿ ನೆಲೆನಿಂತು ಪಂಚಾಕ್ಷರಿ ಗವಾಯಿಗಳಾದರು. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು ಅವರ ಶಿಷ್ಯರು. ಇನ್ನೊಂದು ದಾರಿಯಲ್ಲಿ, ಉತ್ತರದ ಕಿರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನ್ ಕುಂದಗೋಳದ ರಾಮಭಾವುಗೆ ಕಲಿಸಿದರು. ಸವಾಯಿ ಗಂಧರ್ವರಾದ ಆ ರಾಮಭಾವು, ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಕೇಳಿಸಿದ ಗಂಗೂಬಾಯಿಯವರಿಗೆ ಕಲಿಸಿದರು, ಭೀಮಸೇನ ಜೋಶಿಯವರಿಗೂ ಕಲಿಸಿದರು. ಉಸ್ತಾದರು ಒಂದು ಕಚೇರಿ ಹಾಡಿ, ಸಂಭಾವನೆ ಪಡೆದು, ರೈಲು ಹತ್ತಿ ಹೋಗಿದ್ದರೆ ಧಾರವಾಡ ಸೀಮೆಯ ಸಂಗೀತದ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ. ಅವರು ಶಿಷ್ಯರನ್ನು ಬಿಟ್ಟುಹೋದರು. ಹೊರಗಿನ ಆಟಗಾರನನ್ನೂ ಇದೇ ಅಳತೆಯಿಂದ ಅಳೆಯಬೇಕು.

ಈಗ ನಮ್ಮ ಜಾತ್ರೆಯ ಪಂದ್ಯಾವಳಿ ನೋಡಿ. ಹೊರಗಿನವನು ಸಂಜೆ ಬರುತ್ತಾನೆ, ರಾತ್ರಿ ಎರಡು ಗಂಟೆಯವರೆಗೆ ಆಡುತ್ತಾನೆ, ಬೆಸ್ಟ್ ರೈಡರ್ ಟ್ರೋಫಿ ತೆಗೆದುಕೊಳ್ಳುತ್ತಾನೆ, ಬೆಳಗ್ಗೆ ಬಸ್ಸು ಹತ್ತುತ್ತಾನೆ. ಊರಿನ ಹುಡುಗ ಅಂಗಳದ ಆಚೆ ಕೂತು ಸೀಟಿ ಹೊಡೆಯುತ್ತಾನೆ. ದೀಪಾವಳಿಯ ಹೋರಿ ಹಬ್ಬ ಬಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ: ಲಕ್ಷಗಟ್ಟಲೆ ಕೊಟ್ಟು ಹೋರಿ ತಂದರೆ ಒಂದು ವರ್ಷ ಅದರ ಕೊರಳಿನ ಕೊಬ್ಬರಿ ಉಳಿಸಿಕೊಳ್ಳಬಹುದು, ಆದರೆ ಕೊಟ್ಟಿಗೆಯಲ್ಲಿ ಕರು ಸಾಕದವನು ಪ್ರತಿ ವರ್ಷವೂ ಸಂತೆಗೇ ಹೋಗಬೇಕು.

ಕೇರಳದ ಮಲಬಾರಿನಲ್ಲಿ 'ಸೆವೆನ್ಸ್' ಫುಟ್ಬಾಲ್‌ಗೆ ನೈಜೀರಿಯಾ, ಘಾನಾಗಳಿಂದ ಆಟಗಾರರು ಬಂದು ಹಳ್ಳಿಯ ಗದ್ದೆಗಳಲ್ಲಿ ಆಡುತ್ತಾರೆ. ಎಲ್ಲಿಂದ ಬಂದರೂ ಅಲ್ಲಿನ ಜನಕ್ಕೆ ಅವರು 'ಸುಡಾನಿ'ಗಳೇ. ಆದರೆ ಅದೇ ಮಲಪ್ಪುರಂನಲ್ಲಿ ಊರೂರಿಗೂ ಮಕ್ಕಳ ತಂಡಗಳಿವೆ. ಸುಡಾನಿಯ ಪಕ್ಕದಲ್ಲೇ ಊರಿನ ಹುಡುಗನೂ ಆಡುತ್ತಾನೆ. ಹೊರಗಿನವನನ್ನು ಕರೆಸಿಯೂ ಒಳಗಿನವನನ್ನು ಬೆಳೆಸಬಹುದು ಎಂಬುದಕ್ಕೆ ದೂರದ ಸಾಕ್ಷಿ ಬೇಕಾಗಿಲ್ಲ.

ಹಾಗಾದರೆ ನಾವೇನು ಮಾಡಬೇಕು? ನಾಲ್ಕೂ ತಾಲ್ಲೂಕಿನ ಪಂದ್ಯಾವಳಿ ಸಮಿತಿಗಳ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ. ಇವಕ್ಕೆ ಸರಕಾರದ ಆದೇಶ ಬೇಕಿಲ್ಲ, ಪಂದ್ಯಾವಳಿಯ ಕರಪತ್ರದಲ್ಲಿ ಒಂದೊಂದು ಸಾಲು ಸೇರಿಸಿದರೆ ಸಾಕು.

ಒಂದು, ಹೊರಗಿನವರಿಗೆ ಮಿತಿ ಹಾಕುವುದಕ್ಕಿಂತ ಊರಿನ ಹುಡುಗರಿಗೆ ಜಾಗ ಕಾಯ್ದಿರಿಸಿ. ಅಂಕಣದಲ್ಲಿ ಇಳಿಯುವ ಏಳು ಮಂದಿಯಲ್ಲಿ ಇಬ್ಬರಾದರೂ ಆ ಊರಿನ, ಇಪ್ಪತ್ತೊಂದು ದಾಟದ ಹುಡುಗರಿರಲಿ. ಬೆಂಚಿನ ಮೇಲೆ ಹೆಸರಿಗೆ ಕೂತರೆ ಲೆಕ್ಕಕ್ಕಿಲ್ಲ, ಅಂಕಣದಲ್ಲಿ ಆಡಬೇಕು.

ಎರಡು, ರೊಕ್ಕ ಕೊಟ್ಟು ಕರೆಸಿದ ಆಟಗಾರ ಸಂಜೆಗೆ ಬದಲು ಬೆಳಗ್ಗೆಯೇ ಬರಲಿ. ಊರಿನ ಶಾಲೆಯ ಮಕ್ಕಳಿಗೆ ಎರಡು ತಾಸು ಹಿಡಿತ, ಕಾಲಿನ ಚಲನೆ, ಬೋನಸ್ ಗೆರೆಯ ಲೆಕ್ಕ ಹೇಳಿಕೊಡಲಿ. ಒಪ್ಪದವನಿಗೆ ಆಹ್ವಾನ ಬೇಡ.

ಮೂರು, ಬಹುಮಾನದ ಮೊತ್ತದಲ್ಲಿ ಒಂದು ಪಾಲು ಊರಿನ ಶಾಲೆಯ ಅಂಗಳಕ್ಕೆ ಮೀಸಲಿರಲಿ. ದೈಹಿಕ ಶಿಕ್ಷಕರಿಲ್ಲದ ಶಾಲೆಗಳು ಎಷ್ಟಿವೆ ಎಂಬುದು ಇಲ್ಲಿ ಕೂತ ಮೇಷ್ಟ್ರುಗಳಿಗೆ ಗೊತ್ತು. ಹಳೆಯ ಆಟಗಾರರೊಬ್ಬರಿಗೆ ಗೌರವಧನ ಕೊಟ್ಟು ವಾರಕ್ಕೆ ಮೂರು ಸಂಜೆ ಕಲಿಸಲು ಹೇಳಿದರೆ ಟ್ರೋಫಿಗಳ ಖರ್ಚಿಗಿಂತ ಹೆಚ್ಚಾಗುವುದಿಲ್ಲ.

ನಾಲ್ಕು, ಮಹಿಳಾ ವಿಭಾಗವಿಲ್ಲದ ಪಂದ್ಯಾವಳಿಗೆ ದಾನಿಗಳು ಚಂದಾ ಕೊಡಬೇಡಿ.

ಇಟಲಿ ಬಾಗಿಲು ಹಾಕಿಯೂ ನೋಡಿತು, ತೆರೆದೂ ನೋಡಿತು. ಹೊರಗಿನವನನ್ನು ಎಣಿಸುವುದರಲ್ಲೇ ನೂರು ವರ್ಷ ಕಳೆದು, ಹತ್ತೊಂಬತ್ತರ ಹುಡುಗನನ್ನು ಎಣಿಸುವುದು ಮರೆಯಿತು. ಈ ತಪ್ಪು ಮಾಡಲು ನಮ್ಮ ಬಳಿ ಅಷ್ಟು ವರ್ಷಗಳೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ಮುಂದಿನ ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಮೊದಲ ಸಲಹೆಯ ಆ ಒಂದು ಸಾಲನ್ನಾದರೂ ಸೇರಿಸಿ ಎಂದು ಸಮಿತಿಯವರಲ್ಲಿ ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.